ಖಿಡಕಿಗೆ ಪರಸಿ ಮುಚ್ಚಬ್ಯಾಡ್ರಿ, ಪಂಚನಾಮಕ್ಕ ಕಾಯಲೂಬ್ಯಾಡ್ರಿ

ಮುಧೋಳ ಅಂದ ಕೂಡಲೇ ಹೊರಗಿನ ಮಂದಿ ನಾಯಿ ಬಗ್ಗೆ ಕೇಳ್ತಾರ. ಅದು ಬಾಗಲಕೋಟ ಕಡೆ ಮುಧೋಳ. ನಮ್ಮದು ಸೇಡಂ ತಾಲೂಕಿನ ಮುಧೋಳ. ಇಲ್ಲಿ ತೊಗರಿ ಅದ, ಕರಿ ಭೂಮಿ ಅದ, ಸುಣ್ಣದ ಕಲ್ಲು ಅದ. ಈ ಮೂರಕ್ಕೂ ಮನಿ ಖಿಡಕಿಗೂ ಏನು ಸಂಬಂಧ ಅಂತ ಇವತ್ತು ಬರೀತೀನಿ. ಬೆಳಿ, ಬೀಜ, ಗೊಬ್ಬರದ ಮಾತು ಮುಂದಿನ ಸಲ.

ಮಾತು ಇಷ್ಟೇ. ನಮ್ಮ ಕಡೆ ಖಿಡಕಿ ಒಡೆದರ ಮಂದಿ ಎರಡರಾಗ ಒಂದು ಮಾಡ್ತಾರ. ಒಂದು, ಪಂಚನಾಮ ಆಗೋತನಕ ಮುಟ್ಟಬ್ಯಾಡ ಅಂತ ಹಂಗೇ ಬಿಡ್ತಾರ. ಇನ್ನೊಂದು, ಮನಿ ಹಿಂದ ಬಿದ್ದಿರೋ ಪರಸಿ ಕಲ್ಲು ನಿಲ್ಲಿಸಿ, ಮಣ್ಣು ಮೆತ್ತಿ, ಖಿಡಕಿ ಇತ್ತು ಅನ್ನೋದೇ ಮರೆತುಬಿಡ್ತಾರ. ಎರಡೂ ತಪ್ಪು. ನಡುವಿನ ದಾರಿ ಅಂದ್ರ ತಾತ್ಪೂರ್ತಿಕ ರಿಪೇರಿ. ಅದನ್ನ ನಾವು ಕೀಳು ಕೆಲಸ ಅಂತ ತಿಳಕೊಂಡೀವಿ, ಅದಕ್ಕೇ ಅದನ್ನ ಕೆಟ್ಟದಾಗಿ ಮಾಡ್ತೀವಿ. ನನ್ನ ಪ್ರಕಾರ ರೈತನ ಮನಿಗೆ ಅದೇ ಮುಖ್ಯ ರಿಪೇರಿ.

ಯಾಕಂದ್ರ ಲೆಕ್ಕ ನೋಡ್ರಿ. ಖಿಡಕಿ ಒಡೆಯೋದು ಯಾವಾಗ? ಏಪ್ರಿಲ್-ಮೇ ತಿಂಗಳ ಬಿರುಗಾಳಿ, ಆಲಿಕಲ್ಲಿಗೆ. ಇಲ್ಲಾ ಮಳಿಗಾಲದಾಗ ನೆಲ ಉಬ್ಬಿ ಚೌಕಟ್ಟು ತಿರುಚಿದಾಗ. ನಮ್ಮ ಕೈಗೆ ರೊಕ್ಕ ಬರೋದು ಯಾವಾಗ? ತೊಗರಿ ರಾಶಿ ಆದಮ್ಯಾಲ, ಜನವರಿ-ಫೆಬ್ರುವರಿಗೆ. ಮಿರಗದ ಮಳಿಯಿಂದ ರಾಶಿತನಕ ಏಳೆಂಟು ತಿಂಗಳು. ಅಂದ್ರ ನಮ್ಮ "ತಾತ್ಪೂರ್ತಿಕ" ಅನ್ನೋದು ನಾಕ್ ದಿನದ್ದಲ್ಲ, ಒಂದು ಇಡೀ ಮಳಿಗಾಲ ಮತ್ತ ಒಂದು ಚಳಿಗಾಲದ್ದು. ಅಷ್ಟು ದಿನ ಯೂರಿಯಾ ಚೀಲ ತುರುಕಿ ಹಂಗೇ ಇರೋದು ಯಾವ ನ್ಯಾಯ? ಆ ಚೀಲ ಬಿಸಿಲಿಗೆ ಕೆಲವೇ ತಿಂಗಳಿನಾಗ ಪುಡಿ ಪುಡಿ ಆಗಿ ಉದುರ್ತದ. ಆ ಪುಡಿ ಅಡಗಿ ಮ್ಯಾಲ, ಹಾಸಿಗಿ ಮ್ಯಾಲ.

ನಮ್ಮೂರ ಗೌಂಡಿ ಒಬ್ಬರು ನನಗ ಹೇಳೋದು ಬ್ಯಾರೆ. "ಅಣ್ಣಾ, ಎರಡು ಸಲ ಖರ್ಚು ಯಾಕ? ಒಮ್ಮೆಗೇ ಗಟ್ಟಿ ಮಾಡಿಬಿಡು." ಮಾತು ಖರೇ ಅದ. ಆದ್ರ ಒಮ್ಮೆಗೇ ಮಾಡ್ಲಿಕ್ಕೆ ಜೂನ್‌ನಾಗ ರೊಕ್ಕ ಎಲ್ಲಿಂದ ತರಬೇಕು? ಬೀಜಕ್ಕೇ ಸಾಲ ತೆಗೆಯೋ ತಿಂಗಳು ಅದು.

ಈಗ ಪಂಚನಾಮದ ಮಾತು. ನಮ್ಮ ಓಣ್ಯಾಗ ಒಂದು ಮನಿ. ಮೇ ತಿಂಗಳ ಗಾಳಿಗೆ ಎರಡು ಖಿಡಕಿ ಹೋದವು. "ನೋಡಲಿಕ್ಕೆ ಬರ್ತಾರ, ಮುಟ್ಟಬ್ಯಾಡ್ರಿ" ಅಂತ ಯಾರೋ ಹೇಳಿದರು. ದೀಪಾವಳಿತನಕ ಯಾರೂ ಬರಲಿಲ್ಲ. ಆ ಕೋಣ್ಯಾಗ ಮಲಗೋ ಮುದುಕಿ ಮಳಿಗಾಲ ಪೂರ್ತಿ ಕೆಮ್ಮಿದಳು. ಮೂಲ್ಯಾಗ ಇಟ್ಟಿದ್ದ ಬಿತ್ತನಿ ಕಡ್ಲಿ ಬೂಷ್ಟು ಹಿಡೀತು. ಇಷ್ಟೆಲ್ಲಾ ಯಾವ ಆಸೆಗೆ?

ನಿಯಮ ಏನದ ಅಂತ ಎಲ್ಲರಿಗೂ ಗೊತ್ತಿರಬೇಕು. 2022-26ರ ವಿಪತ್ತು ಪರಿಹಾರ ನಿಯಮದಾಗ ಮನಿಗೆ "ಭಾಗಶಃ ಹಾನಿ" ಅಂತ ಬರೀಬೇಕಂದ್ರ ಕನಿಷ್ಠ ಶೇ 15ರಷ್ಟು ಹಾನಿ ಆಗಿರಬೇಕು. ಆಗ ಪಕ್ಕಾ ಮನಿಗೆ 6,500 ರೂಪಾಯಿ, ಕಚ್ಚಾ ಮನಿಗೆ 4,000. ನಮ್ಮ ರಾಜ್ಯ ಸರ್ಕಾರ ಕೆಲ ವರ್ಷ ತನ್ನ ಕಡೆಯಿಂದ ಹೆಚ್ಚಿಗಿ ಸೇರಿಸಿ ಕೊಟ್ಟದ್ದೂ ಅದ. ಆದ್ರ ಶೇ 15ರ ಗೆರಿ ದಾಟಬೇಕು. ಬರೇ ಎರಡು ಖಿಡಕಿ ಒಡೆದರ ಮನಿಯ ಶೇ 15 ಆಗ್ತದೇನು? ಆಗಂಗಿಲ್ಲ. 2020ರ ಅಕ್ಟೋಬರ್‌ನಾಗ ಕಾಗಿಣಾ ಉಕ್ಕಿ ಬಂದಾಗಿನಂಗ ಗ್ವಾಡಿ ಬಿದ್ದು, ಮಾಳಿಗಿ ಕುಸಿದಿದ್ದರ ಮಾತು ಬ್ಯಾರೆ, ಅಂಥಾದ್ದಕ್ಕ ಅರ್ಜಿ ಕೊಡಲೇಬೇಕು. ಬರೇ ಖಿಡಕಿ ಅಂದ್ರ ಅದು ನಮ್ಮ ಪಾಲಿಗೇ ಬಿಟ್ಟದ್ದು.

ಅದಕ್ಕ ನನ್ನ ಸಲಹೆ: ಫೋಟೋ ಮೊದಲು, ರಿಪೇರಿ ಅದೇ ದಿನ. ಒಳಗಿಂದ ಒಂದು, ಹೊರಗಿಂದ ಒಂದು, ಇಡೀ ಗ್ವಾಡಿ ಕಾಣೋ ಹಂಗ ಒಂದು. ತಾರೀಖು, ಹೊತ್ತು ಬರೆದಿಡ್ರಿ. ಅರ್ಜಿ ಕೊಡೋದಿದ್ರ ಫೋಟೋ ಜೋಡಿ ಕೊಟ್ಟು, ಪ್ರತಿ ಮ್ಯಾಲ ಶಿಕ್ಕಾ ಹಾಕಿಸಿಕೊಳ್ರಿ. ದಾಖಲೆ ಕಾಗದದಾಗ ಇರಲಿ, ಗ್ವಾಡಿ ತೂತಿನಾಗ ಬ್ಯಾಡ.

ಗಣಿ ಹತ್ತಿರ ಇರೋ ಊರವರಿಗೆ ಈ ಮಾತು ಇನ್ನೂ ಮುಖ್ಯ. ಸೇಡಂ, ವಾಡಿ, ಚಿತ್ತಾಪುರ, ಶಹಾಬಾದ್ ಸುತ್ತ ಕಲ್ಲು ಸಿಡಿಸೋ ಸದ್ದು ಯಾರಿಗೆ ಹೊಸದು? ನೆಲದ ನಡುಕದ ಹಿಂದೇ ಗಾಳಿಯ ಒತ್ತಡ ಬಂದು ತಾಗೋದು ಖಿಡಕಿಗೆ. ಗ್ಲಾಸು ಗಡಗಡ ಅಂದಕೂಡಲೇ ಮನಿ ಬಿರುಕು ಬಿಟ್ಟಿತು ಅಂತಲ್ಲ. ಹಂಗಂತ ಏನೂ ಆಗಿಲ್ಲ ಅಂತಲೂ ಅಲ್ಲ. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ 1997ರ ಸುತ್ತೋಲೆ ಹಳ್ಳಿ ಮನಿಗಳಿಗೆ ನೆಲದ ನಡುಕದ ಮಿತಿ ಹಾಕ್ಯಾದ: ಕಂಪನದ ಗತಿ ನೋಡಿ ಸೆಕೆಂಡಿಗೆ 5ರಿಂದ 15 ಮಿಲಿಮೀಟರ್. ಅಳತಿ ಮಾಡ್ರಿ ಅಂತ ಕೇಳೋ ಹಕ್ಕು ನಮಗದ. ಆದ್ರ ಕೇಳೋರ ಕೈಯಾಗ ತಾರೀಖು, ಹೊತ್ತು, ಫೋಟೋ ಇಲ್ಲದಿದ್ರ ಯಾರೂ ಕಿವಿಗೆ ಹಾಕಿಕೊಳ್ಳಂಗಿಲ್ಲ.

ಇನ್ನ ಪರಸಿ. ನಮ್ಮ ಶಹಾಬಾದ್ ಕಲ್ಲಿನ ಮ್ಯಾಲ ನನಗೂ ಅಭಿಮಾನ ಅದ. ನೆಲಕ್ಕ, ಕಟ್ಟಿಗೆ, ಮಾಳಿಗಿಗೆ ಅದರಂಥ ಕಲ್ಲು ಇಲ್ಲ. ಆದ್ರ ಖಿಡಕಿ ತೂತಿಗೆ ಅದು ಬ್ಯಾಡ. ಒಂದು ಇಂಚು ದಪ್ಪದ ಪರಸಿ ಒಂದು ಚದರ ಅಡಿಗೆ ಸುಮಾರು 6 ಕೆ.ಜಿ. ತೂಗ್ತದ. ಮೂರು ಅಡಿ ಅಗಲ, ನಾಲ್ಕು ಅಡಿ ಎತ್ತರದ ಖಿಡಕಿಗೆ 70 ಕೆ.ಜಿ. ಮ್ಯಾಲ ಆಯಿತು. ಬರೇ ಮಣ್ಣಿನ ಹಿಡಿತದಾಗ ನಿಂತಿರೋ 70 ಕೆ.ಜಿ. ಕಲ್ಲಿನ ಬುಡಕ್ಕ ಕೂಸು ಮಲಗಿಸ್ತೀರೇನು? 2021ರ ಅಕ್ಟೋಬರ್‌ನಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದ ಕಡೆ ಭೂಮಿ ಮ್ಯಾಲಿಂದ ಮ್ಯಾಲ ನಡುಗಿತು. ತೀವ್ರತೆ 4ರ ಆಸುಪಾಸು. ಮಂದಿ ಹೆದರಿ ರಾತ್ರಿ ಹೊರಗ ಮಲಗಿದರು. ಅಂಥಾ ನಡುಕಕ್ಕ ಗಟ್ಟಿ ಗ್ವಾಡಿ ತಡೀತದ, ನಿಲ್ಲಿಸಿಟ್ಟ ಪರಸಿ ತಡೆಯಂಗಿಲ್ಲ.

ತೂಕ ಬಿಡ್ರಿ, ಕತ್ತಲಿ? ಅಡಗಿ ಮನಿ ಖಿಡಕಿ ಮುಚ್ಚಿ ಒಳಗ ತೊಗರಿ ಕಟ್ಟಿಗಿ ಒಲಿ ಹಚ್ಚಿದರ ಹೊಗಿ ಎಲ್ಲಿ ಹೋಗಬೇಕು? ಮನ್ಯಾಗಿನ ಹೆಣ್ಣುಮಕ್ಕಳ ಎದಿಯೊಳಗ ಹೋಗ್ತದ. ಮೇ ತಿಂಗಳ ನಮ್ಮ ಬಿಸಿಲಿನಾಗ ಗಾಳಿ ಇಲ್ಲದ ಕೋಣಿ ಅಂದ್ರ ಹಂಚು. ಖಿಡಕಿ ಮುಚ್ಚೋ ನಿರ್ಧಾರ ಗಂಡಸರದ್ದು, ಕಟ್ಟೀ ಮ್ಯಾಲ ಕೂತು ಮಾಡಿದ್ದು. ಹೊಗಿ ಕುಡಿಯೋರು ಬ್ಯಾರೆಯವರು. ಇದನ್ನ ಯಾರೂ ಹೇಳಂಗಿಲ್ಲ, ಅದಕ್ಕೇ ನಾ ಹೇಳ್ತೀನಿ.

ಹಂಗಾದ್ರ ಹ್ಯಾಂಗ ಮಾಡಬೇಕು? ನಾ ಕಂಡದ್ದು, ಮಾಡಿದ್ದು ಬರೀತೀನಿ.

ಮೊದಲು ಒಡಕ ಗ್ಲಾಸು. ಕಾಲಾಗ ಚಪ್ಪಲಿ, ಕೈಗೆ ದಪ್ಪ ಗೋಣಿ ತಟ್ಟು. ಮ್ಯಾಲಿನ ಚೂರು ಮೊದಲು ತೆಗೀರಿ, ಕೆಳಗಿಂದು ಆಮೇಲೆ. ತಳದಿಂದ ಶುರು ಮಾಡಿದರ ಮ್ಯಾಲಿಂದು ಕೈ ಮ್ಯಾಲೇ ಬೀಳ್ತದ. ಸಣ್ಣ ಚೂರಿಗೆ ಹಸಿ ಅರಿವಿ ಒತ್ತಿ ತೆಗೆದು, ಆ ಅರಿವಿ ಸಮೇತ ಕಟ್ಟಿ ಹಾಕ್ರಿ. ತಿಪ್ಪಿಗೆ ಮಾತ್ರ ಹಾಕಬ್ಯಾಡ್ರಿ. ತಿಪ್ಪಿಯಿಂದ ಹೊಲಕ್ಕ ಹೋಗ್ತದ, ಹೊಲದಾಗ ಎತ್ತಿನ ಗೊರಸಿಗೆ, ಕಳೆ ತೆಗೆಯೋರ ಅಂಗಾಲಿಗೆ ಹತ್ತತದ.

ಗ್ಲಾಸು ಬಿದ್ದಿಲ್ಲ, ಬರೇ ಬಿರುಕು ಬಿಟ್ಟದ ಅಂದ್ರ ಒರೆಸಿ ಒಣಗಿಸಿ, ಬಿರುಕಿನ ಗುಂಟ ಒಳಗೂ ಹೊರಗೂ ಅಗಲ ಪಾರದರ್ಶಕ ಟೇಪು ಹಚ್ಚಿದರ ಸಾಕು. ಆದ್ರ ಗಾಳಿ ಬರ್ತದ ಅಂತ ಗಟ್ಟಿ ಗ್ಲಾಸಿಗೆ ಅಡ್ಡಡ್ಡ ಟೇಪು ಹಚ್ಚೋದು ಉಪಯೋಗಿಲ್ಲ. ಚಂಡಮಾರುತ ಕಂಡ ಅಮೆರಿಕಾದವರೇ ಅದು ಗ್ಲಾಸನ್ನ ಉಳಿಸಂಗಿಲ್ಲ ಅಂತ ಹೇಳ್ಯಾರ.

ಗ್ಲಾಸು ಪೂರ್ತಿ ಹೋಗಿದ್ರ ದಪ್ಪ ಪ್ಲಾಸ್ಟಿಕ್ ಹಾಳಿ, ಇಲ್ಲಾ ತಾಡಪತ್ರಿ ತುಂಡು. ಅಂಚು ಎರಡು ಮಡತಿ ಮಡಿಚಿ, ಅದರ ಮ್ಯಾಲ ಕಟ್ಟಿಗಿ ಪಟ್ಟಿ ಇಟ್ಟು ಮೊಳಿ ಹೊಡೀರಿ. ಬರೇ ಹಾಳಿಗೆ ಹೊಡೆದ ಮೊಳಿ ಮೊದಲ ಗಾಳಿಗೇ ಹರೀತದ. ಹಾಳಿ ಚೌಕಟ್ಟಿನ ಹೊರ ಮಗ್ಗಲಿಗೆ ಇರಲಿ, ಕೆಳಗಿನ ಅಂಚು ಕಟ್ಟಿ ದಾಟಿ ಹೊರಗ ಇಳೀಲಿ. ಆಗ ನೀರು ಒಳಗ ಬರಂಗಿಲ್ಲ. ಕಬ್ಬಿಣದ ಖಿಡಕಿಗೆ ಮೊಳಿ ಹೋಗಂಗಿಲ್ಲ. ಅದಕ್ಕ ಪ್ಲೈವುಡ್ ತುಂಡಿನ ನಾಕೂ ಮೂಲ್ಯಾಗ ತೂತು ಕೊರೆದು, ಸೆಂಟ್ರಿಂಗ್‌ನವರು ಬಳಸೋ ತಂತಿಯಿಂದ ಸರಳಿಗೆ ಬಿಗೀರಿ.

ಮುಖ್ಯ ಮಾತು: ಪೂರ್ತಿ ಮುಚ್ಚಬ್ಯಾಡ್ರಿ. ಮ್ಯಾಲಿನ ಮೂರನೇ ಒಂದು ಭಾಗಕ್ಕ ಜಾಳಿ ಇಡ್ರಿ. ಹಳೇ ಸೊಳ್ಳಿ ಪರದಾ ಎರಡು ಪದರ ಮಾಡಿದರೂ ನಡೀತದ. ಮಳಿ ಇರಚಲು ಬರಬಾರದು ಅಂದ್ರ ಖಾಲಿ ಎಣ್ಣಿ ಡಬ್ಬಿ ಬಿಚ್ಚಿ, ಅಂಚು ಮಡಿಚಿ, ಮ್ಯಾಲ ಒಂದು ಸಣ್ಣ ಛಜ್ಜಾ ಮಾಡ್ರಿ. ದನದ ಕೊಟ್ಟಗಿಗೆ ಆದ್ರ ತೊಗರಿ ಕಟ್ಟಿಗಿ ತಟ್ಟಿ ಹೆಣೆದು ಕಟ್ಟಿದರ ಸಾಕು, ಗಾಳಿನೂ ಆಡ್ತದ. ಕೀಟನಾಶಕದ ಚೀಲ, ಡಬ್ಬಿ ಮಾತ್ರ ಮನಿ ಖಿಡಕಿ ಹತ್ತಿರ ತರಬ್ಯಾಡ್ರಿ, ಎಷ್ಟು ತೊಳೆದರೂ ಸೈ.

ಈಗ ಕರಿ ಭೂಮಿ. ನಮ್ಮ ನೆಲ ಮಳಿಗೆ ಉಬ್ಬತದ, ಬ್ಯಾಸಗಿಗೆ ಕುಗ್ಗಿ ಬಿರೀತದ. ಮ್ಯಾಲ ನಿಂತ ಮನಿನೂ ಅದರ ಜೋಡಿ ಅಲುಗತದ. ಗ್ಲಾಸು ಮೂಲಿಯಿಂದ ಬಿರುಕು ಬಿಟ್ಟಿದ್ರ ಕಲ್ಲು ಬಿದ್ದದ್ದಲ್ಲ, ಚೌಕಟ್ಟು ತಿರುಚ್ಯಾದ ಅಂತ ತಿಳೀರಿ. ದಾರ ಹಿಡಿದು ಮೂಲಿಯಿಂದ ಮೂಲಿಗೆ ಎರಡೂ ಕಡೆ ಅಳೀರಿ. ಎರಡು ಅಳತಿ ಒಂದೇ ಬರದಿದ್ರ ಚೌಕಟ್ಟು ಸೊಟ್ಟ ಆಗ್ಯಾದ. ಅಲ್ಲಿ ಹೊಸ ಗ್ಲಾಸು ಹಾಕಿದರ ಅದೂ ಒಡೀತದ. ಮಳಿಗಾಲದಾಗ ಖಿಡಕಿ ಬಾಗಿಲು ಬಿಗಿ ಆಯಿತು ಅಂತ ರಂದಾ ಹೊಡೆಸಬ್ಯಾಡ್ರಿ. ನೀರು ಕುಡಿದು ಉಬ್ಬಿದ ಕಟ್ಟಿಗಿ ಬ್ಯಾಸಗಿಗೆ ಕುಗ್ಗತದ, ಆಗ ಬೆರಳು ಹೋಗೋವಷ್ಟು ಸಂದಿ ಬೀಳ್ತದ. ಸದ್ಯಕ್ಕ ಮೇಣದಬತ್ತಿ ತಿಕ್ಕಿ ಕೆಲಸ ನಡೆಸ್ರಿ. ಬಿಜಾಗ್ರಿ ಸ್ಕ್ರೂ ತಿರುಗಿ ತಿರುಗಿ ನಿಲ್ಲದಿದ್ರ ತೂತಿನಾಗ ಫೆವಿಕಾಲ್ ಹಚ್ಚಿದ ಕಡ್ಡಿಪೆಟ್ಟಿಗಿ ಕಡ್ಡಿ ತುಂಬಿ, ಒಣಗಿದ ಮ್ಯಾಲ ಅದೇ ಸ್ಕ್ರೂ ಹಾಕ್ರಿ.

ರಾಶಿ ಆಗಿ ಹೊಸ ಗ್ಲಾಸು ಕೂಡಿಸುವಾಗ ಎರಡು ಮಾತು ನೆನಪಿಡ್ರಿ. ಒಂದು, ಚೌಕಟ್ಟಿನ ಅಳತಿಗಿಂತ ಉದ್ದಕ್ಕೂ ಅಗಲಕ್ಕೂ 3 ಮಿಲಿಮೀಟರ್ ಕಡಿಮಿ ಕತ್ತರಿಸಿ ತರ್ರಿ, ಅಲುಗಲಿಕ್ಕೆ ಜಾಗ ಬೇಕು. ಎರಡು, ಗ್ಲಾಸಿಗೆ ಸಿಮೆಂಟ್ ಮೆತ್ತಬ್ಯಾಡ್ರಿ. ಸಿಮೆಂಟಿನ ಸೀಮಿಯವರು ನಾವು, ಎಲ್ಲಾದಕ್ಕೂ ಅದನ್ನೇ ಹಚ್ತೀವಿ. ಅದು ಬಿಗಿ ಹಿಡೀತದ, ಗ್ಲಾಸು ಒಡೀತದ. ಕಟ್ಟಿಗಿ ಚೌಕಟ್ಟಿಗೆ ಚಾಕ್ ಪುಡಿ ಮತ್ತ ಅಗಸಿ ಎಣ್ಣಿ ಕಲಸಿ ರೊಟ್ಟಿ ಹಿಟ್ಟಿನಂಗ ನಾದಿದ ಪುಟ್ಟಿನೇ ಸೈ. ಹಿಂದಿನ ಬಡಿಗೇರರು ಅದನ್ನೇ ಬಳಸ್ತಿದ್ದರು. ಗಟ್ಟಿ ಆಗ್ಲಿಕ್ಕೆ ವಾರಗಟ್ಟಲೆ ಬೇಕು, ಆಮೇಲೆ ಬಣ್ಣ ಹಚ್ರಿ. ಎಣ್ಣಿ ಒರೆಸಿದ ಅರಿವಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ಹರವಿ ಒಣಗಿಸ್ರಿ. ಅಗಸಿ ಎಣ್ಣಿ ಅರಿವಿ ಮುದ್ದಿ ಆಗಿ ಬಿದ್ದರ ತಾನೇ ಕಾಯ್ದು ಬೆಂಕಿ ಹತ್ತೋದುಂಟು.

ಒಂದು ಎಚ್ಚರಿಕಿ. ಖಿಡಕಿ ಮ್ಯಾಲಿನ ಮೂಲಿಯಿಂದ ಗ್ವಾಡ್ಯಾಗ ಓರಿ ಬಿರುಕು ಎದ್ದಿದ್ರ, ಮ್ಯಾಲಿನ ಲಿಂಟಲ್ ಜಗ್ಗಿದ್ರ, ಅದು ಖಿಡಕಿ ರಿಪೇರಿ ಅಲ್ಲ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರಿ ಹಾಕಿ ತಾರೀಖು ಬರೀರಿ. ಗೆರಿ ದಾಟಿ ಬೆಳೆದರ ಗೌಂಡಿನ ಕರೀರಿ, ಹಾಸಿಗಿ ಅಲ್ಲಿಂದ ತೆಗೀರಿ.

ಕೊನೀದು. ನೀವು ಹಚ್ಚಿದ ಹಾಳಿ, ಪ್ಲೈವುಡ್ ಮ್ಯಾಲ ಮಾರ್ಕರ್‌ನಿಂದ ಎರಡು ತಾರೀಖು ಬರೀರಿ: ಹಚ್ಚಿದ ದಿನ, ತೆಗೆಯೋ ದಿನ. ತೆಗೆಯೋ ದಿನ ಇಲ್ಲದ್ದು ತಾತ್ಪೂರ್ತಿಕ ಅಲ್ಲ, ಅದು ಮುಚ್ಚಿದ್ದೇ. 2020ರ ಆಗಸ್ಟ್ 4ರಂದು ಬೈರೂತ್ ಬಂದರಿನ ಸ್ಫೋಟದಾಗ ಇಡೀ ಊರಿನ ಗ್ಲಾಸು ಉದುರಿದಾಗ ಅಲ್ಲಿನ ಮಂದಿನೂ ಪ್ಲಾಸ್ಟಿಕ್ ಹಾಳಿನೇ ಹಚ್ಚಿಕೊಂಡರು. ಹಾಳಿ ಹಚ್ಚೋದು ಬಡತನದ ಗುರುತಲ್ಲ, ಅದರಾಗ ನಾಚಿಕಿ ಏನೂ ಇಲ್ಲ. ಮೂರು ವರ್ಷದ ಮ್ಯಾಲೂ ಅದೇ ಹಾಳಿ ಇದ್ರ ಮಾತ್ರ ಮನ್ಯಾಗಿನ ಮಂದಿಗೆ ಮಾಡಿದ ಅನ್ಯಾಯ. ತೊಗರಿ ಮಾರಿದ ದಿನ ಗೊಬ್ಬರದಂಗಡಿ ಬಾಕಿ ಕೊಡ್ತೀವಲ್ಲ, ಅದರ ಜೋಡಿ ಖಿಡಕಿ ಬಾಕಿನೂ ತೀರಿಸ್ರಿ.