ಸೀಟು ತುಂಬಿಸುವ ಮೊದಲು ಪ್ರಯೋಗಾಲಯ ತೋರಿಸಿ

ಏಳು ವರ್ಷ ಅಥವಾ ಅದಕ್ಕೂ ಹೆಚ್ಚು ಶಿಕ್ಷೆಯಾಗಬಹುದಾದ ಅಪರಾಧ ನಡೆದರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಲೇಬೇಕು ಎನ್ನುತ್ತದೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 176(3)ನೇ ಕಲಂ. ಸಂಹಿತೆ 2024ರ ಜುಲೈ 1ರಂದು ಜಾರಿಗೆ ಬಂತು. ಈ ಕಲಮಿಗೆ ಮಾತ್ರ ರಾಜ್ಯಗಳಿಗೆ ಐದು ವರ್ಷಗಳ ಅವಕಾಶವಿದೆ. ಇದನ್ನೇ ಮುಂದಿಟ್ಟುಕೊಂಡು ಕಾಲೇಜುಗಳು ಬಿ.ಎಸ್‌ಸಿ ಫೊರೆನ್ಸಿಕ್ ಸೀಟು ಮಾರುತ್ತಿವೆ. ಕೆಲಸಕ್ಕೆ ಬರವೇ ಇಲ್ಲವೆಂದು ತಂದೆತಾಯಿಯರನ್ನು ನಂಬಿಸುತ್ತಿವೆ. ಇದು ಮಕ್ಕಳಿಗೆ ಮಾಡುವ ಮೋಸ. ಅದರಲ್ಲಿ ಸರ್ಕಾರಕ್ಕೂ ಪಾಲಿದೆ.

ಕೇಂದ್ರ ಪ್ರಯೋಗಾಲಯಗಳ ನೇಮಕಾತಿ ಅಧಿಸೂಚನೆಗಳನ್ನು ಓದಿ ನೋಡಿ. ರಸಾಯನ ವಿಭಾಗಕ್ಕೆ ರಸಾಯನಶಾಸ್ತ್ರದ ಎಂ.ಎಸ್‌ಸಿ ಬೇಕು, ಇಲ್ಲವೇ ಪದವಿಯಲ್ಲಿ ರಸಾಯನಶಾಸ್ತ್ರ ಓದಿದವರ ಫೊರೆನ್ಸಿಕ್ ಎಂ.ಎಸ್‌ಸಿ ಬೇಕು. ಅದರ ಮೇಲೆ ಎಷ್ಟೋ ಹುದ್ದೆಗಳಿಗೆ ವರ್ಷಗಳ ಅನುಭವ. ಎಲ್ಲ ವಿಷಯಗಳನ್ನೂ ಮೇಲೆ ಮೇಲೆ ಮುಟ್ಟಿ ಬಂದ ಹುಡುಗಿ ಆ ಅನುಭವವನ್ನು ಎಲ್ಲಿಂದ ತರಬೇಕು? ಪ್ರವೇಶದ ದಿನ ಇದನ್ನು ಅವಳಿಗೆ ಯಾರೂ ಹೇಳುವುದಿಲ್ಲ.

ಈ ವಿದ್ಯೆ ಕೈಗೆ ಹತ್ತಬೇಕಾದದ್ದು. ರಕ್ತ ಹತ್ತಿದ ಬಟ್ಟೆಯನ್ನು ಒಣಗಿಸಿ ಕಾಗದದಲ್ಲಿ ಕಟ್ಟಬೇಕು. ಹಸಿಯಾಗಿಯೇ ಪ್ಲಾಸ್ಟಿಕ್ ಚೀಲಕ್ಕೆ ತುರುಕಿದರೆ ಡಿಎನ್‌ಎ ಕೊಳೆತು ಹಾಳಾಗುತ್ತದೆ. ಮೊಹರು ಹಾಕಿದ್ದು ಯಾರು, ಠಾಣೆಯಿಂದ ಪ್ರಯೋಗಾಲಯದವರೆಗೆ ಪೊಟ್ಟಣ ಯಾರ ಯಾರ ಕೈ ದಾಟಿತು ಎಂಬ ದಾಖಲೆ ಎಲ್ಲಾದರೂ ತಪ್ಪಿದರೆ ಪಾಟೀಸವಾಲಿನಲ್ಲಿ ಪ್ರಕರಣವೇ ಬೀಳಬಹುದು. ಪುಡಿ ಉದುರಿಸಿ ಬೆರಳಚ್ಚು ಎತ್ತುವುದನ್ನೊಂದು ತೋರಿಸಿ ಮೂರು ವರ್ಷ ಕಳೆಯುವ ಕಾಲೇಜಿನಲ್ಲಿ ಇದು ಬರುವುದಿಲ್ಲ.

ಮೊದಲು ಕೋರ್ಸು ಬರಲಿ, ಸೌಕರ್ಯ ನಿಧಾನವಾಗಿ ಬರುತ್ತದೆ ಎನ್ನುವವರಿದ್ದಾರೆ. ಬೇರೆ ಕೋರ್ಸಿಗಾದರೆ ಒಪ್ಪಬಹುದಿತ್ತೇನೋ. ಸರ್ಕಾರಿ ವಿಜ್ಞಾನ ತಜ್ಞರ ವರದಿಯನ್ನು, ಅವರು ಸಾಕ್ಷಿಕಟ್ಟೆ ಹತ್ತದಿದ್ದರೂ ಪುರಾವೆಯಾಗಿ ಬಳಸಲು ಕಾನೂನಿನಲ್ಲೇ ಅವಕಾಶವಿದೆ. ಆ ವರದಿ ತಪ್ಪಾದರೆ ನಿರಪರಾಧಿ ಜೈಲು ಸೇರುತ್ತಾನೆ, ಇಲ್ಲವೇ ಮಗಳನ್ನು ಕಳೆದುಕೊಂಡ ತಾಯಿಗೆ ನ್ಯಾಯ ಸಿಗದೇ ಹೋಗುತ್ತದೆ.

ಕರ್ನಾಟಕಕ್ಕಂತೂ ಇದು ಗೊತ್ತಿರಬೇಕು. ಒಂದು ಕಾಲಕ್ಕೆ ದೇಶದ ನಾನಾ ಕಡೆಯಿಂದ ಆರೋಪಿಗಳನ್ನು ಮಂಪರು ಪರೀಕ್ಷೆಗೆ ಬೆಂಗಳೂರಿಗೆ ಕರೆತರುತ್ತಿದ್ದರು. ಒಪ್ಪಿಗೆಯಿಲ್ಲದೆ ಅಂಥ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದು 2010ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲೇ. ಯಂತ್ರ ಓಡಿಸಲು ಕಲಿತರೆ ಸಾಲದು. ಈ ವಿಧಾನ ಎಷ್ಟು ನಂಬಲರ್ಹ, ಎಲ್ಲಿ ಎಡವುತ್ತದೆ ಎಂದು ಕೇಳುವ ಧೈರ್ಯವನ್ನೂ ತರಗತಿ ಕಲಿಸಬೇಕು.

ಧಾರವಾಡಕ್ಕೆ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಕ್ಯಾಂಪಸ್ ಬಂದದ್ದು ಸಂತೋಷ. ಆದರೆ ಒಂದು ಕ್ಯಾಂಪಸ್ಸಿನ ಹೆಸರಿನಲ್ಲಿ ಉಳಿದ ಕಾಲೇಜುಗಳು ತಪ್ಪಿಸಿಕೊಳ್ಳಬಾರದು. ಸ್ವಂತ ಪ್ರಯೋಗಾಲಯವಿಲ್ಲದ, ಸರ್ಕಾರಿ ಪ್ರಯೋಗಾಲಯದಲ್ಲಿ ಕನಿಷ್ಠ ಆರು ತಿಂಗಳ ತರಬೇತಿಗೆ ಒಪ್ಪಂದವಿಲ್ಲದ ಕಾಲೇಜಿಗೆ ವಿಶ್ವವಿದ್ಯಾಲಯಗಳು ಮುಂದಿನ ವರ್ಷ ಮಾನ್ಯತೆ ನವೀಕರಿಸಕೂಡದು. ಸರ್ಕಾರವೂ ಐದು ವರ್ಷ ಮುಗಿಯಲೆಂದು ಕಾಯದೆ, ಜಿಲ್ಲೆಗೆ ಎಷ್ಟು ತಜ್ಞರು ಬೇಕು, ಎಷ್ಟು ಕಾಯಂ ಹುದ್ದೆ ತುಂಬುತ್ತೇವೆ, ಯಾವ ಪದವಿಯವರು ಅರ್ಹರು ಎಂಬುದನ್ನು ಈ ಸಲದ ಪ್ರವೇಶ ಶುರುವಾಗುವ ಮುಂಚೆಯೇ ಪ್ರಕಟಿಸಬೇಕು.