ಬೀರು ಕೊಟ್ಟರು, ಬೀಗ ತೆಗೆಯೋರನ್ನು ಕೊಡಲಿಲ್ಲ

ನಿಮ್ಮೂರಿನ ಸರ್ಕಾರಿ ಹೈಸ್ಕೂಲಿಗೆ ಹೋದಾಗ ಲ್ಯಾಬ್ ಎಲ್ಲಿದೆ ಅಂತ ಒಮ್ಮೆ ಕೇಳಿ ನೋಡಿ. ನಾವು ಓದಿದ ಶಾಲೆಗಳಲ್ಲಿ ಸ್ಟಾಫ್ ರೂಮಿನ ಮೂಲೆಯ ಬೀರುವೇ ಲ್ಯಾಬ್ ಆಗಿತ್ತು. ಗಾಜಿನೊಳಗಿಂದ ಬೀಕರು, ಪ್ರನಾಳ ಕಾಣುತ್ತಿದ್ದವು. ಹತ್ತನೇ ತರಗತಿ ಮುಗಿಯೋವರೆಗೂ ಅವನ್ನು ಮುಟ್ಟಿದ ನೆನಪಿಲ್ಲ.

ಮೇಷ್ಟ್ರನ್ನು ಬೈಯೋದು ಸುಲಭ. ಆದರೆ ಅವರ ಕೆಲಸ ನೋಡಿ. ಹತ್ತನೇ ತರಗತಿ ಪುಸ್ತಕದಲ್ಲಿ ಎಲೆಯ ಪಿಷ್ಟ ಪರೀಕ್ಷೆ ಇದೆ. ಕ್ರೋಟನ್‌ನಂಥ ಬಣ್ಣದೆಲೆಯ ಗಿಡವನ್ನು 3 ದಿನ ಕತ್ತಲಲ್ಲಿಟ್ಟು, ಆಮೇಲೆ ಸುಮಾರು 6 ಗಂಟೆ ಬಿಸಿಲಿಗಿಡಬೇಕು. ಎಲೆಯನ್ನು ನೀರಲ್ಲಿ ಕುದಿಸಿ, ಬಳಿಕ ಆಲ್ಕೋಹಾಲ್‌ಗೆ ಹಾಕಿ, ಆ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗಿಟ್ಟು ಕಾಯಿಸಬೇಕು. ನೇರವಾಗಿ ಉರಿಗಿಟ್ಟರೆ ಆಲ್ಕೋಹಾಲ್ ಹೊತ್ತಿಕೊಳ್ಳುತ್ತೆ. ಕೊನೆಗೆ ಅಯೋಡಿನ್ ಬಿಟ್ಟರೆ ಹಸಿರಿದ್ದ ಜಾಗ ಮಾತ್ರ ನೀಲಿ-ಕಪ್ಪಾಗುತ್ತೆ. ಮಕ್ಕಳು ಜನ್ಮದಲ್ಲಿ ಮರೆಯದ ಪ್ರಯೋಗ ಅದು. ಇಷ್ಟನ್ನೂ ಮಾಡಬೇಕಾದವರು ಆ ಮುಕ್ಕಾಲು ಗಂಟೆಯ ಪೀರಿಯಡ್ಡಿಗೆ ಇನ್ನೊಂದು ಕ್ಲಾಸಿಂದ ಓಡಿ ಬಂದವರು. ಮುಗಿದ ಕೂಡಲೇ ಮತ್ತೊಂದು ಕ್ಲಾಸಿಗೆ ಓಡಬೇಕು. ನಡುವೆ ಸ್ಯಾಟ್ಸ್ ಎಂಟ್ರಿ, ಸ್ಕಾಲರ್‌ಶಿಪ್ ಅರ್ಜಿ. ಬೀಕರು ತೊಳೆಯೋರು ಯಾರು? ಐವತ್ತು ಮಕ್ಕಳ ನಡುವೆ ಆಸಿಡ್ ಬಾಟಲಿ ತೆರೆದಾಗ ಹಿಂದಿನ ಬೆಂಚು ನೋಡಿಕೊಳ್ಳೋರು ಯಾರು? ಭಯಕ್ಕೇ ಎಷ್ಟೋ ಮೇಷ್ಟ್ರು ಬೋರ್ಡಿನ ಮೇಲೆ ಚಿತ್ರ ಬರೆದು ಮುಗಿಸ್ತಾರೆ. ಅದು ತಪ್ಪು ಅನ್ನೋಕೆ ನಮಗೆ ಬಾಯಿ ಬರಲ್ಲ.

ಇದರ ಪೆಟ್ಟು ಬೀಳೋದು ಪಿಯುಸಿಯಲ್ಲಿ. ಅಲ್ಲಿ ಭೌತ, ರಸಾಯನ, ಜೀವಶಾಸ್ತ್ರದಲ್ಲಿ ತಲಾ 30 ಅಂಕ ಪ್ರಾಯೋಗಿಕಕ್ಕೆ. ಬ್ಯುರೆಟ್ಟನ್ನೇ ಮೊದಲ ಸಲ ಕಾಣುವ ಹಳ್ಳಿ ಹುಡುಗಿ ಕೈ ನಡುಗಿಸ್ತಾಳೆ. ಸೈನ್ಸ್ ನಮ್ಮಂಥೋರಿಗಲ್ಲ ಅಂತ ಆರ್ಟ್ಸಿಗೆ ಬಂದವರು ನಮ್ಮ ಬ್ಯಾಚಿನಲ್ಲೇ ಇದ್ದರು.

ಸಾಮಾನಿಗೆ ದುಡ್ಡೇ ಇಲ್ಲ ಅನ್ನೋಹಾಗೂ ಇಲ್ಲ. ನೀತಿ ಆಯೋಗದ ಅಟಲ್ ಟಿಂಕರಿಂಗ್ ಲ್ಯಾಬಿಗೆ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೆ ಕೊಡ್ತಾರೆ. ಸಾಮಾನು ಬರುತ್ತೆ, ಅದನ್ನು ದಿನಾ ಒರೆಸಿ, ಜೋಡಿಸಿ, ಕೆಟ್ಟಿದ್ದನ್ನು ಗುರುತು ಹಾಕಿ ಇಡೋಕೆಂದೇ ಒಬ್ಬ ಆಳು ಬರಲ್ಲ. ಬಿಸಿಯೂಟ ಶುರುವಾದಾಗ ಒಲೆ, ಪಾತ್ರೆ ಜೊತೆಗೆ ಅಡುಗೆಯವರನ್ನೂ ಕೊಟ್ಟರು. ಮೇಷ್ಟ್ರೇ ಸಾರು ಕುದಿಸಲಿ ಅನ್ನಲಿಲ್ಲ. ಲ್ಯಾಬಿಗೆ ಮಾತ್ರ ಯಾಕೆ ಬೇರೆ ಲೆಕ್ಕ?

ಪ್ರತಿ ಶಾಲೆಗೂ ಒಬ್ಬರು ಅಂದರೆ ಖರ್ಚು ಜಾಸ್ತಿ ಅಂತಾರೆ, ನಿಜ. ಹಾಗಾದರೆ ಹತ್ತಿರದ ಎರಡು ಮೂರು ಹೈಸ್ಕೂಲಿಗೆ ಒಬ್ಬರನ್ನು ಕೊಡಿ, ವಾರದಲ್ಲಿ ಎರಡು ದಿನ ಒಂದೊಂದು ಶಾಲೆಗೆ. ಬಿಎಸ್ಸಿ ಮುಗಿಸಿ ಊರಲ್ಲೇ ಇರೋ ಹೆಣ್ಣುಮಕ್ಕಳು ಎಷ್ಟು ಹೋಬಳಿಯಲ್ಲಿಲ್ಲ? ಆಸಿಡ್ ಬಳಕೆ, ಸುಟ್ಟಗಾಯದ ಪ್ರಥಮ ಚಿಕಿತ್ಸೆ, ಸ್ಟಾಕ್ ರಿಜಿಸ್ಟರ್ ಬಗ್ಗೆ ಮೊದಲೇ ತರಬೇತಿ ಕೊಡಲಿ. ಒಂದೇ ಷರತ್ತು: ಅತಿಥಿ ಶಿಕ್ಷಕರಂತೆ ರಜೆ ಬಂದ ಕೂಡಲೇ ಸಂಬಳ ನಿಲ್ಲಿಸಿ ಮನೆಗೆ ಕಳಿಸೋ ಕೆಲಸ ಇದಾಗಬಾರದು. ಇನ್ನೊಂದು, ಆಫೀಸಲ್ಲಿ ಗುಮಾಸ್ತರಿಲ್ಲ ಅಂತ ಅವರನ್ನು ಅಲ್ಲಿಗೆ ಎಳೆದುಕೊಳ್ಳಬಾರದು. ಹಾಗೆ ಆಗೇ ಆಗುತ್ತೆ ಅನ್ನೋ ಅನುಮಾನ ನಮಗಿದೆ, ಅದಕ್ಕೇ ಆದೇಶದಲ್ಲೇ ಬರೆದಿರಲಿ.

ಮುಂದಿನ ಎಸ್‌ಡಿಎಂಸಿ ಸಭೆಗೆ ಹೋಗುವವರು ಆ ಬೀರುವಿನ ಬೀಗ ತೆಗೆಸಿ ನೋಡಿ. ಎಷ್ಟು ಬಾಟಲಿಯ ಲೇಬಲ್ ಅಳಿಸಿದೆ ಅಂತ ಎಣಿಸಿ, ಸಭೆಯ ನಡಾವಳಿಯಲ್ಲಿ ಬರೆಸಿ, ಲ್ಯಾಬ್ ಸಹಾಯಕರು ಬೇಕೆಂಬ ಮನವಿ ಸೇರಿಸಿ ಬಿಇಒ ಕಚೇರಿಗೆ ಕಳಿಸಿ. ನಮಗೂ ಒಂದು ಪ್ರತಿ ಕಳಿಸಿದರೆ ಇಲ್ಲೇ ಹಾಕ್ತೇವೆ.