ಅರವತ್ತು ಸಾವಿರದ ಫ್ಯಾನಿನ ಸದ್ದು

ನಮ್ಮ ದೊಡ್ಡಮ್ಮನಿಗೆ ಬೀಸುವ ಕಲ್ಲಿನ ಪದಗಳು ಬರುತ್ತಿದ್ದವು. ಎಷ್ಟು ಬರುತ್ತಿದ್ದವೋ ಯಾರೂ ಎಣಿಸಿರಲಿಲ್ಲ. ಊರಿಗೆ ಹಿಟ್ಟಿನ ಗಿರಣಿ ಬಂದ ಮೇಲೆ ಕಲ್ಲು ಮೂಲೆ ಸೇರಿತು, ಪದಗಳು ಅವಳ ಬಾಯಲ್ಲಿ ಉಳಿದವು. ಅವನ್ನು ಬರೆದುಕೊಂಡರೆ ಸಾಲದು. ಕಲ್ಲು ತಿರುಗಿಸುವ ಕೈ, ನಡುನಡುವೆ ಕಾಳು ಸುರಿಯುವ ಲಯ, ಸಾಲಿನ ಮಧ್ಯೆ ಅವಳು ಉಸಿರು ತೆಗೆದುಕೊಳ್ಳುವ ಜಾಗ ಎಲ್ಲ ಸಿಗುವಂತೆ ಒಂದು ಪುಟ್ಟ ಚಿತ್ರ ಮಾಡಬೇಕೆಂಬ ಹುಚ್ಚು ನನಗೆ ಹತ್ತಿದ್ದು ಚೀಟಿ ಹಣ 60,000 ರೂಪಾಯಿ ಕೈಗೆ ಬಂದ ವರ್ಷ.

ಅಂಗಡಿಗೆ ನಾನು ಒಬ್ಬಳೇ ಹೋಗಲಿಲ್ಲ. ಮೊದಲ ತಪ್ಪು ಅದು. ಜೊತೆಗೆ ಮೈದುನ ಬಂದ. ಒಳ್ಳೆಯ ಹುಡುಗ, ನನ್ನ ಮೇಲೆ ಪ್ರೀತಿಯಿದೆ, ಕ್ಯಾಮೆರಾದ ಬಗ್ಗೆ ಬೇಕಾದಷ್ಟು ವಿಡಿಯೊ ನೋಡಿದ್ದಾನೆ. ಅಂಗಡಿಯಾತ ನನ್ನ ಮುಂದೆಯೇ ಅವನನ್ನು ಕೇಳಿದ, "ಮೇಡಂ ಏನು ಶೂಟ್ ಮಾಡ್ತಾರೆ ಸಾರ್?" ಅರ್ಧ ಗಂಟೆಯಲ್ಲಿ ನನ್ನ ಹಣದ ಹಂಚಿಕೆ ಮುಗಿದಿತ್ತು. ಕ್ಯಾಮೆರಾ ಮತ್ತು ಅದರೊಡನೆ ಬರುವ ಲೆನ್ಸಿಗೆ 36,000. ನಡೆದಾಡುವಾಗ ಚಿತ್ರ ಅಲುಗದಂತೆ ಹಿಡಿಯುವ ಗಿಂಬಲ್ ಎಂಬ ಯಂತ್ರಕ್ಕೆ 19,000. ಉಳಿದ 5,000 ಚೀಲ, ಕಾರ್ಡು, ಗಾಜಿನ ಮೇಲೆ ಅಂಟಿಸುವ ಹಾಳೆಗೆ. "ಮೈಕು?" ಎಂದು ಕೇಳಿದೆ. "ಕ್ಯಾಮೆರಾದಲ್ಲೇ ಇದೆ ಮೇಡಂ, ಬೇಕಾದ್ರೆ ಆಮೇಲೆ ತಗೊಳ್ಳಿ" ಎಂದ. ಹೊರಗಿನ ಮೈಕು ಸಿಕ್ಕಿಸುವ ತೂತೇ ಆ ಕ್ಯಾಮೆರಾಕ್ಕೆ ಇರಲಿಲ್ಲ ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ.

ಬೇಸಿಗೆಯಲ್ಲಿ ಊರಿಗೆ ಹೋದೆವು. ದೊಡ್ಡಮ್ಮ ಮಡಿಸಿಟ್ಟಿದ್ದ ಇಳಕಲ್ ಸೀರೆ ಉಟ್ಟು, ಕಲ್ಲಿಗೆ ಅರಿಶಿನ ಕುಂಕುಮ ಇಟ್ಟು ಕುಳಿತಳು. ನಾನು ಗಿಂಬಲ್ ಹಿಡಿದು, ಮಂಡಿ ಬಗ್ಗಿಸಿ, ಕಳ್ಳ ಬೆಕ್ಕಿನ ಹಾಗೆ ಅವಳ ಸುತ್ತ ಸುತ್ತಿದೆ. "ಆ ಫ್ಯಾನು ಆರಿಸಬೇಕೇನೇ ಮಗಳೇ?" ಎಂದು ಅವಳೇ ಕೇಳಿದಳು. ಮೈದುನ, "ಬೇಡ ದೊಡ್ಡಮ್ಮ, ಸೆಖೆ. ಸದ್ದು ಆಮೇಲೆ ಎಡಿಟಿಂಗಲ್ಲಿ ತೆಗೀಬಹುದು" ಎಂದ. ನಲವತ್ತು ನಿಮಿಷ ಹಾಡಿದಳು. ಮುಂದಿನ ಯುಗಾದಿಗೆ ಅವಳು ಇರಲಿಲ್ಲ.

ಈಗ ನನ್ನ ಬಳಿ ಇರುವುದು ನಲವತ್ತು ನಿಮಿಷದ ಬೆಣ್ಣೆಯಂಥ ಚಿತ್ರ ಮತ್ತು ನಲವತ್ತು ನಿಮಿಷದ ಫ್ಯಾನಿನ ಸದ್ದು. ಸದ್ದು ತೆಗೆಯುವ ತಂತ್ರಾಂಶಗಳನ್ನೂ ಹಚ್ಚಿ ನೋಡಿದೆ. ಅವು ಫ್ಯಾನನ್ನು ತೆಗೆದವು, ಜೊತೆಗೆ ದೊಡ್ಡಮ್ಮನ ಸಾಲಿನ ಕೊನೆಗಳನ್ನೂ ತೆಗೆದವು. ಉಳಿದ ದನಿ ತಗಡಿನ ಡಬ್ಬದೊಳಗಿಂದ ಬಂದಂತಿದೆ. ಹೊಟ್ಟೆ ಉರಿಯುವುದು ಇದಕ್ಕಿಂತ ಹೆಚ್ಚಾಗಿ ಇನ್ನೊಂದಕ್ಕೆ. ಆ ಹೊತ್ತು ನನ್ನ ಫೋನು ಅಲ್ಲೇ ಗೂಡಿನಲ್ಲಿ ಸುಮ್ಮನೆ ಕೂತಿತ್ತು. ಅದರಲ್ಲಿ ಧ್ವನಿ ಮುದ್ರಿಸಲು ಒತ್ತಿ ಅವಳ ಮಡಿಲಲ್ಲಿ ಇಟ್ಟಿದ್ದರೂ ಸಾಕಿತ್ತು. ಅಂಗಡಿಯಾತ ಹೇಳಲಿಲ್ಲ, ಮೈದುನ ನೋಡಿದ ವಿಡಿಯೊಗಳಲ್ಲಿ ಯಾರೂ ಹೇಳಿರಲಿಲ್ಲ.

ಆದ್ದರಿಂದ ಈ ಜಗಳ ತೆಗೆದಿದ್ದೇನೆ. ಹವ್ಯಾಸಕ್ಕೆ ಚಿತ್ರ ಮಾಡಬೇಕೆಂದಿರುವ ಹೆಂಗಸಿಗೆ ಎರಡು ಬಗೆಯ ಬುದ್ಧಿವಾದ ಸಿಗುತ್ತದೆ. "ನಿನಗೇಕಮ್ಮ ಕ್ಯಾಮೆರಾ, ಫೋನು ಸಾಕು" ಎನ್ನುವುದು ಒಂದು. "ತಗೊಂಡ್ರೆ ಒಳ್ಳೇದನ್ನೇ ತಗೋಬೇಕು" ಎನ್ನುವುದು ಇನ್ನೊಂದು. ನೋಡಲು ಬೇರೆ ಬೇರೆ, ಬುಡ ಒಂದೇ. ಅವಳು ಏನನ್ನು ಚಿತ್ರಿಸಬೇಕೆಂದಿದ್ದಾಳೆ ಎಂಬುದನ್ನು ಇಬ್ಬರೂ ಕೇಳುವುದಿಲ್ಲ. ಹೆಣ್ಣು ನೋಡಲು ಹೋದವರು ಹುಡುಗಿಯನ್ನು ಬಿಟ್ಟು ಮನೆಯ ತೊಲೆ ಎಣಿಸಿದ ಹಾಗೆ.

ಫೋನು ಸಾಕು ಎನ್ನುವ ಮಾತು ಸುಳ್ಳೂ ಅಲ್ಲ. ಅಮೆರಿಕದ ಶಾನ್ ಬೇಕರ್ 2015ರಲ್ಲಿ ಬಂದ 'ಟ್ಯಾಂಜರೀನ್' ಚಿತ್ರವನ್ನು ಐಫೋನ್ 5ಎಸ್ ಹಿಡಿದೇ ತೆಗೆದದ್ದು. ಫ್ರಾನ್ಸಿನ ಆನ್ಯೆಸ್ ವಾರ್ದಾ ಎಪ್ಪತ್ತರ ಗಡಿ ದಾಟಿದ ಮೇಲೆ, 2000ದಲ್ಲಿ, ಅಂಗೈಯಲ್ಲಿ ಹಿಡಿಯುವಂಥ ಡಿಜಿಟಲ್ ಕ್ಯಾಮೆರಾದಿಂದ ಹೊಲಗಳಲ್ಲಿ ಅಳಿದುಳಿದ ಬೆಳೆ ಆಯುವವರ ಬಗ್ಗೆ ಚಿತ್ರ ಮಾಡಿದರು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ತಮ್ಮ ಇನ್ನೊಂದು ಕೈಯ ಸುಕ್ಕುಗಳನ್ನು ತಾವೇ ತೆಗೆದರು. ಭಾರದ ಯಂತ್ರದಲ್ಲಿ ಅದು ಆಗುವ ಕೆಲಸವೇ? ಆದರೆ ನಮಗೆ ಫೋನು ಸಾಕು ಎನ್ನುವವರು ವಾರ್ದಾ ಅವರನ್ನು ನೆನೆದು ಹೇಳುವುದಿಲ್ಲ. ನಮ್ಮ ಕೆಲಸ ಅಷ್ಟೇ ಬಾಳುತ್ತದೆ ಎಂದು ಹೇಳುತ್ತಾರೆ. ಮನೆಯ ಗಂಡಸು ಲಕ್ಷ ರೂಪಾಯಿಯ ಬೈಕು ತಂದಾಗ ಅದರಿಂದ ಎಷ್ಟು ವರಮಾನ ಎಂದು ಯಾರೂ ಕೇಳುವುದಿಲ್ಲ, ಹೆಂಗಸು ಕ್ಯಾಮೆರಾ ತಂದರೆ "ಯೂಟ್ಯೂಬಿನಲ್ಲಿ ಎಷ್ಟು ಬರುತ್ತೆ?" ಎಂಬುದೇ ಮೊದಲ ಪ್ರಶ್ನೆ.

ಇನ್ನು ಒಳ್ಳೆಯದನ್ನೇ ಕೊಳ್ಳಬೇಕು ಎನ್ನುವವರ ಸರದಿ. ಇವರ ಪಂಚಾಂಗದಲ್ಲಿ ಕ್ಯಾಮೆರಾದ ಒಡಲೇ ಮೊದಲು, ಅದೂ ಹೊಸದು, 4ಕೆ ಇರಬೇಕು. 4ಕೆ ಎಂದರೆ ಫುಲ್ ಎಚ್‌ಡಿಯ ನಾಲ್ಕರಷ್ಟು ಚುಕ್ಕೆಗಳು. ನಾಲ್ಕರಷ್ಟು ಚುಕ್ಕೆಗಳನ್ನು ನಿಮ್ಮ ಹಳೆಯ ಲ್ಯಾಪ್‌ಟಾಪು ಎಳೆಯಬೇಕಲ್ಲ? ಅದು ನಿಂತಲ್ಲೇ ನಿಂತು ಏದುಸಿರು ಬಿಟ್ಟಾಗ ಅದನ್ನೂ ಬದಲಾಯಿಸಿ ಎನ್ನುತ್ತಾರೆ. 2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ಬಂದಾಗ, ಫೋಟೊ ತೆಗೆಯುವ ಕ್ಯಾಮೆರಾದಲ್ಲಿ ಫುಲ್ ಎಚ್‌ಡಿ ಬಂತಲ್ಲ ಎಂದು ಸಿನಿಮಾದವರೇ ಮುಗಿಬಿದ್ದರು. ಆ ಫುಲ್ ಎಚ್‌ಡಿ ಇವತ್ತು ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ಎಷ್ಟೋ ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿದೆ. ನಮ್ಮ ನಡುಮನೆಯ ಟಿವಿಗೆ ಅದು ಧಾರಾಳ ಸಾಕು. ಹಳೆಯದನ್ನು ಕೊಳ್ಳುವಾಗ ಷಟರ್ ಎಷ್ಟು ಸಲ ಬಡಿದಿದೆ ಎಂಬ ಲೆಕ್ಕ ತೋರಿಸಿ ಬೆಲೆ ಹೇಳುತ್ತಾರೆ. ವಿಡಿಯೊ ತೆಗೆಯುವಾಗ ಷಟರ್ ತೆರೆದೇ ಇರುತ್ತದೆ, ಆ ಲೆಕ್ಕಕ್ಕೆ ನೀವು ಅಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೈಕಿನ ತೂತು ಇದೆಯೇ ಎಂದು ಬೆರಳಿಟ್ಟು ನೋಡಿ. ಲೆನ್ಸಿನ ಒಳಕ್ಕೆ ಟಾರ್ಚು ಬಿಟ್ಟು ನೋಡಿ. ಮಲೆನಾಡು, ಕರಾವಳಿಯ ಕಡೆಯ ಲೆನ್ಸುಗಳಲ್ಲಿ ಜೇಡರ ಬಲೆಯ ಹಾಗೆ ಬೂಷ್ಟು ಹಿಡಿದಿರುವುದುಂಟು. (ಮಳೆಗಾಲದಲ್ಲಿ ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿಯಲ್ಲಿ ಹೂತಿಡಬೇಡಿ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ.) ಹಲವು ಹಳೆಯ ಕ್ಯಾಮೆರಾಗಳು ಅರ್ಧ ಗಂಟೆಗೆ ಒಂದು ಸೆಕೆಂಡು ಇರುವಾಗ ತಾವೇ ನಿಂತುಬಿಡುತ್ತವೆ, ಅದನ್ನೂ ತಿಳಿದಿರಿ.

ಲೆನ್ಸಿನ ವಿಷಯಕ್ಕೆ ಬಂದರೆ ಎಲ್ಲರ ಬಾಯಲ್ಲೂ ಒಂದೇ ಮಂತ್ರ: 50 ಮಿ.ಮೀ., ಎಫ್ 1.8. ಅಗ್ಗದ್ದು, ಒಳ್ಳೆಯದು, ಕತ್ತಲಲ್ಲಿ ಕಾಣುತ್ತದೆ. ಕಾಣುವುದು ನಿಜ. ಕ್ಯಾಮೆರಾದೊಡನೆ ಬರುವ ಸಾಮಾನ್ಯ ಲೆನ್ಸು ಪೂರ್ತಿ ಎಳೆದಾಗ ಎಫ್ 5.6ಕ್ಕೆ ಇಳಿಯುತ್ತದೆ, ಅದಕ್ಕೆ ಹೋಲಿಸಿದರೆ ಇದು ಸುಮಾರು ಹತ್ತು ಪಟ್ಟು ಬೆಳಕು ಒಳಕ್ಕೆ ಬಿಡುತ್ತದೆ. ಆದರೆ ಈ ಮಂತ್ರ ಹೇಳುವವರು ನಮ್ಮ ಅಡಿಗೆಮನೆಯೊಳಗೆ ಕಾಲಿಟ್ಟಿದ್ದಾರೆಯೇ? ಅಗ್ಗದ ಕ್ಯಾನನ್ ಡಿಎಸ್‌ಎಲ್‌ಆರ್‌ಗಳ ಸಂವೇದಕ ಚಿಕ್ಕದು. ಅದರ ಮೇಲೆ ಈ 50ನ್ನು ಹಾಕಿ ಎಂಟು ಅಡಿ ದೂರ ನಿಂತರೆ ಕಾಣುವುದು ಮೂರೂವರೆ ಅಡಿ ಅಗಲ ಮಾತ್ರ. ಒಲೆ ಕಂಡರೆ ಒಲೆಯ ಮುಂದಿನವಳು ಕಾಣುವುದಿಲ್ಲ. ಹಿಂದೆ ಸರಿಯೋಣವೆಂದರೆ ಬೆನ್ನಿಗೆ ಫ್ರಿಜ್ಜು. ಅದೇ ಕ್ಯಾಮೆರಾಕ್ಕೆ ಬಿಲ್ಲೆಯಂಥ ಚಪ್ಪಟೆ 24 ಮಿ.ಮೀ. ಲೆನ್ಸು ಸಿಗುತ್ತದೆ, ಅಷ್ಟೇ ದೂರಕ್ಕೆ ಏಳು ಅಡಿಯ ಮೇಲೆ ತೋರಿಸುತ್ತದೆ. ಬೆಳಕು ಕೊಂಚ ಕಡಿಮೆ, ಇರಲಿ. ನಿಮ್ಮ ಚಿತ್ರದ ಜನ ಎಲ್ಲಿ ಕೂರುತ್ತಾರೆ, ನಿಮಗೆ ಹಿಂದೆ ಸರಿಯಲು ಎಷ್ಟು ಅಡಿ ಇದೆ ಎಂದು ಟೇಪು ಹಿಡಿದು ಅಳೆದುಕೊಂಡು ಅಂಗಡಿಗೆ ಹೋಗಿ. ರವಿಕೆ ಹೊಲಿಸಲು ಅಳತೆ ಕೊಡುವ ನಮಗೆ ಇದೇನು ಹೊಸದೇ?

ಬೆಳಕನ್ನು ದುಡ್ಡು ಕೊಟ್ಟು ಲೆನ್ಸಿನಿಂದಲೇ ತರಬೇಕಾಗಿಯೂ ಇಲ್ಲ. ಸತ್ಯಜಿತ್ ರಾಯ್ 'ಪಥೇರ್ ಪಾಂಚಾಲಿ'ಗೆ ಛಾಯಾಗ್ರಾಹಕನನ್ನಾಗಿ ಆರಿಸಿದ ಸುಬ್ರತ ಮಿತ್ರನಿಗೆ ಆಗ ಇಪ್ಪತ್ತೊಂದು ವರ್ಷ, ಅದಕ್ಕೆ ಮುಂಚೆ ಸಿನಿಮಾ ಕ್ಯಾಮೆರಾ ನಡೆಸಿದವನೇ ಅಲ್ಲ. ಮುಂದೆ 1956ರ 'ಅಪರಾಜಿತೊ'ದಲ್ಲಿ ಸ್ಟುಡಿಯೊದೊಳಗೆ ಕಾಶಿಯ ಮನೆಯಂಗಳ ಕಟ್ಟಿದಾಗ, ಮೇಲೆ ಬಿಳಿ ಬಟ್ಟೆ ಹರವಿ, ದೀಪಗಳನ್ನು ಅದಕ್ಕೆ ಹೊಡೆಸಿ, ಅಲ್ಲಿಂದ ಮರಳಿ ಬೀಳುವ ಮೆತ್ತನೆ ಬೆಳಕಿನಲ್ಲಿ ಚಿತ್ರ ತೆಗೆದ. ನಮ್ಮ ಮನೆಯಲ್ಲಿ ಬಿಳಿ ಪಂಚೆಗೇನು ಬರವೇ? ಅಂದಹಾಗೆ 1955ರ ಆ 'ಪಥೇರ್ ಪಾಂಚಾಲಿ' ನಡುವೆ ಹಣವಿಲ್ಲದೆ ನಿಂತಾಗ ಅಡವಿಗೆ ಹೋದದ್ದು ರಾಯ್ ಅವರ ಹೆಂಡತಿ ಬಿಜೋಯಾ ಅವರ ಒಡವೆ. ಗಂಡಸಿನ ಸಿನಿಮಾಕ್ಕೆ ಹೆಂಗಸಿನ ಒಡವೆ ಆಗುತ್ತದೆ. ಹೆಂಗಸಿನ ಸಿನಿಮಾಕ್ಕೆ ಅವಳದೇ ಚೀಟಿ ಹಣವೂ ದುಂದು.

ಗಿಂಬಲ್ ಮೇಲೆ ನನಗಿರುವ ಸಿಟ್ಟು ಈಗಲೂ ಇಳಿದಿಲ್ಲ. ಗ್ಯಾರೆಟ್ ಬ್ರೌನ್ 1970ರ ದಶಕದಲ್ಲಿ ಸ್ಟೆಡಿಕ್ಯಾಮ್ ಕಂಡುಹಿಡಿದದ್ದಕ್ಕೆ ಒಂದು ಕಾರಣವಿತ್ತು. ಹಳಿ ಹಾಸಲಾಗದ ಕಡೆ, ಮೆಟ್ಟಿಲುಗಳ ಮೇಲೆ, ಜನರ ನಡುವೆ ಕ್ಯಾಮೆರಾ ನಡೆಯಬೇಕಿತ್ತು. 1976ರ 'ರಾಕಿ'ಯಲ್ಲಿ ನಾಯಕ ಮೆಟ್ಟಿಲು ಹತ್ತಿ ಓಡುವಾಗ ಅದು ಹಿಂದೆ ಓಡಿತು. ನನ್ನ ದೊಡ್ಡಮ್ಮ ಎಲ್ಲಿಗೆ ಓಡುತ್ತಿದ್ದಳು? ಕೂತು ಬೀಸುವವಳ ಸುತ್ತ ನಾನೇಕೆ ಪ್ರದಕ್ಷಿಣೆ ಹಾಕಬೇಕಿತ್ತು? ಮೂರು ಮೋಟಾರಿನ ಈ ಯಂತ್ರ ಕ್ಯಾಮೆರಾ ಓರೆಯಾಗುವುದನ್ನು, ತಿರುಗುವುದನ್ನು ತಡೆಯುತ್ತದೆ. ಹೆಜ್ಜೆಹೆಜ್ಜೆಗೂ ಮೇಲೆ ಕೆಳಗೆ ಕುಣಿಯುವುದನ್ನು ತಡೆಯುವುದಿಲ್ಲ, ಅದಕ್ಕೆ ನಾವೇ ಮಂಡಿ ಬಗ್ಗಿಸಿ ನಡೆಯಬೇಕು. ಲೆನ್ಸು ಬದಲಾಯಿಸಿದರೆ ತಕ್ಕಡಿ ತೂಗಿದ ಹಾಗೆ ಮತ್ತೆ ಸಮ ಮಾಡಬೇಕು. ಕ್ಯಾಮೆರಾ ಸೇರಿ ಕೈಗೆ ಬರುವ ಭಾರವನ್ನು ಅಂಗಡಿಯಲ್ಲಿ ಎರಡು ನಿಮಿಷ ಹಿಡಿದು ನೋಡಿದರೆ ತಿಳಿಯುವುದಿಲ್ಲ. ಇಪ್ಪತ್ತು ನಿಮಿಷ ಹಿಡಿಯಿರಿ. ಜಪಾನಿನ ಓಝು 1953ರ 'ಟೋಕಿಯೊ ಸ್ಟೋರಿ'ಯಲ್ಲಿ ಕ್ಯಾಮೆರಾವನ್ನು ಚಾಪೆಯ ಮೇಲೆ ಕೂತವರ ಎತ್ತರಕ್ಕೆ ಇಳಿಸಿ, ಹೆಚ್ಚು ಕಡಿಮೆ ಕದಲಿಸದೆಯೇ ಒಂದು ಮುದುಕ ಮುದುಕಿಯ ಕತೆ ಹೇಳಿ ಮುಗಿಸಿದರು. ನೆಲಕ್ಕೆ ಕೂತು ಕೆಲಸ ಮಾಡುವವರನ್ನು ತೆಗೆಯಲು ನಮಗೆ ಬೇಕಾದ ಸ್ಟೆಬಿಲೈಸರು ಮಣೆಯ ಮೇಲೆ ಇಟ್ಟ ಎರಡು ಸೇರು ರಾಗಿಯ ಬಟ್ಟೆಚೀಲ. ಕ್ಯಾಮೆರಾವನ್ನು ಅದರಲ್ಲಿ ಒತ್ತಿ ಕೂರಿಸಿದರೆ ಅಲುಗುವುದಿಲ್ಲ. ಆಮೇಲೆ ರಾಗಿಯೂ ದಂಡವಲ್ಲ.

ಅಸ್ಸಾಮಿನ ರೀಮಾ ದಾಸ್ ತಮ್ಮ ಹಳ್ಳಿಯಲ್ಲಿ ವರ್ಷಗಟ್ಟಲೆ ಮಕ್ಕಳ ಹಿಂದೆ ಅಲೆದು, ತಾವೇ ಬರೆದು, ತಾವೇ ಕ್ಯಾಮೆರಾ ಹಿಡಿದು, ತಾವೇ ಸಂಕಲಿಸಿ ಮಾಡಿದ 2017ರ 'ವಿಲೇಜ್ ರಾಕ್‌ಸ್ಟಾರ್ಸ್'ಗೆ ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಬಂತು. ಒಬ್ಬಳೇ ಹೆಂಗಸು ಕ್ಯಾಮೆರಾ ಹಿಡಿದಳು ಎಂದು ಎಲ್ಲರೂ ಬರೆದರು. ಅದೇ ಚಿತ್ರದ ಸ್ಥಳದಲ್ಲೇ ಮಾಡಿದ ಧ್ವನಿಮುದ್ರಣಕ್ಕೂ ರಾಷ್ಟ್ರಪ್ರಶಸ್ತಿ ಬಂತು. ಮೈಕು ಹಿಡಿದಿದ್ದವಳು ಅವರ ಸಂಬಂಧದ ಹುಡುಗಿ ಮಲ್ಲಿಕಾ ದಾಸ್. ಅವಳ ಬಗ್ಗೆ ಬರೆದವರು ಕಡಿಮೆ. ನನಗೆ ಬೇಕಾಗಿದ್ದದ್ದು ಆ ಮಲ್ಲಿಕಾ.

ಮೈಕಿನ ಗುಟ್ಟು ಸರಳ. ಹಾಡುವವಳಿಂದ ದೂರ ಎರಡರಷ್ಟಾದರೆ ಅವಳ ದನಿಯ ಬಲ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಫ್ಯಾನಿನ ಸದ್ದು ಇದ್ದಷ್ಟೇ ಇರುತ್ತದೆ. ಕ್ಯಾಮೆರಾ ಎಷ್ಟೇ ಬೆಲೆಯದಾಗಲಿ, ಅದರ ಕಿವಿ ಎಂಟು ಅಡಿ ದೂರದಲ್ಲಿದೆ. ಸೆರಗಿಗೆ ಸಿಕ್ಕಿಸುವ ತಂತಿಯ ಮೈಕು ಗೇಣು ದೂರದಲ್ಲಿದೆ, ಮತ್ತು ಅದು ಸಾವಿರ ರೂಪಾಯಿಯ ಆಸುಪಾಸಿಗೆ ಸಿಗುತ್ತದೆ. ತೂತಿಲ್ಲದ ಕ್ಯಾಮೆರಾವಾದರೆ ಮೈಕನ್ನು ಫೋನಿಗೆ ಸಿಕ್ಕಿಸಿ, ಎರಡನ್ನೂ ಓಡಿಸಿ, ಕ್ಯಾಮೆರಾ ಮುಂದೆ ಒಮ್ಮೆ ಚಪ್ಪಾಳೆ ತಟ್ಟಿ. ಆಮೇಲೆ ಚಪ್ಪಾಳೆಯ ಸದ್ದಿಗೆ ಚಪ್ಪಾಳೆಯ ಚಿತ್ರ ಕೂಡಿಸಿದರೆ ಉಳಿದದ್ದೆಲ್ಲ ತಾನಾಗಿ ಕೂಡುತ್ತದೆ.

ಗಿಂಬಲನ್ನು ಅರ್ಧ ಬೆಲೆಗೆ ಮಾರಿದೆ, ಮದುವೆ ವಿಡಿಯೊದವರೊಬ್ಬರು ಕೊಂಡರು. ಆ ಹಣದಲ್ಲಿ 24ರ ಲೆನ್ಸು ಹಳೆಯದು, ಮೈಕು, ಒಂದು ಮೂರು ಕಾಲಿನ ಸ್ಟ್ಯಾಂಡು ಬಂತು. ಅಂಗಡಿಗೆ ಒಬ್ಬಳೇ ಹೋಗಿದ್ದೆ. "ಸಾರ್ ಬರ್ಲಿಲ್ವಾ ಮೇಡಂ?" ಎಂದ ಅಂಗಡಿಯಾತ. ಟೇಪಿನ ಅಳತೆ ಬರೆದ ಚೀಟಿ ಅವನ ಮುಂದಿಟ್ಟೆ.

ದೊಡ್ಡಮ್ಮನ ತಂಗಿಗೆ, ನನ್ನ ಚಿಕ್ಕಮ್ಮನಿಗೆ, ಎಂಟು ಪದ ಬರುತ್ತವಂತೆ. ಅಕ್ಕನ ಹಾಗೆ ಹೇಳಲು ಬರುವುದಿಲ್ಲ ಎಂದು ನಾಚುತ್ತಾಳೆ. ಬರುವ ಭಾನುವಾರ ಹೊರಟಿದ್ದೇನೆ. ಹಿತ್ತಲ ಬಾಗಿಲಲ್ಲಿ ಮಧ್ಯಾಹ್ನ ಒಳ್ಳೆಯ ಬೆಳಕಿರುತ್ತದೆ. ಅವರ ಊರಿನಲ್ಲಿ ಕರೆಂಟು ಹೋಗುವ ಹೊತ್ತು ಎಷ್ಟು ಗಂಟೆಗೆ ಎಂದು ಫೋನು ಮಾಡಿ ಕೇಳಿಟ್ಟುಕೊಂಡಿದ್ದೇನೆ.